ಕಟ್ಟೆಯ ಮೇಲೆ ತೂಗಿದ ಮತ

ಚುನಾವಣೆ ಬಂತೆಂದರೆ ಚಿಕ್ಕೇರೂರಿನಂಥ ಊರುಗಳಲ್ಲಿ ಎರಡು ಲೆಕ್ಕ ಶುರುವಾಗುತ್ತವೆ. ಟಿ.ವಿ.ಯವರ ಸಮೀಕ್ಷೆ ಒಂದು, ಚಾದಂಗಡಿಯ ಬಾಜಿ ಇನ್ನೊಂದು. ಮೊದಲನೆಯದಕ್ಕೆ ಸೂಟುಬೂಟು, ಎರಡನೆಯದಕ್ಕೆ ಪೊಲೀಸರ ಲಾಠಿ. ಪ್ರಶ್ನೆ ಮಾತ್ರ ಒಂದೇ: 'ಯಾರು ಗೆಲ್ತಾರ?' ಕೂಲಿ ಎಷ್ಟು ಸಿಗತೈತಿ, ಹೆಣ ಹೂಳಾಕ ಜಾಗ ಐತೇನು ಅಂತ ಇಬ್ಬರೂ ಕೇಳುವುದಿಲ್ಲ.

ನಮ್ಮ ಹಿರೇಕೆರೂರು ಕ್ಷೇತ್ರವನ್ನೇ ನೋಡಿರಿ. 2018ರಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು ಸೋಲಿಸಿದ್ದು ಬರೇ 555 ಮತಗಳಿಂದ. ಚೊಲೊ ಸಮೀಕ್ಷೆಯೂ ನೂರಕ್ಕೆ ಮೂರು ಹೆಚ್ಚುಕಮ್ಮಿ ಆದೀತು ಅನ್ನುತ್ತದೆ. ಒಂದೂವರೆ ಲಕ್ಷ ಮತಕ್ಕೆ ಅದು ನಾಲ್ಕೂವರೆ ಸಾವಿರ! ಹೋಗಲಿ, ಅವತ್ತು ಬಾಜಿ ಗೆದ್ದವನು ರೊಕ್ಕ ಎಣಿಸಿಕೊಂಡ. ಮತ ಹಾಕಿದವನಿಗೆ ಏನು ಉಳೀತು? 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಅದೇ ಪಾಟೀಲರು ಬಿಜೆಪಿಯಿಂದ ಗೆದ್ದರು. 2023ರಲ್ಲಿ ಅದೇ ಬಣಕಾರರು ಕಾಂಗ್ರೆಸ್ಸಿನಿಂದ ಗೆದ್ದರು. ಇದನ್ನು ಯಾವ ಸಮೀಕ್ಷೆ ಹೇಳಿತ್ತು?

1949ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಎಚ್ಚರಿಸಿದ್ದರು: ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಗೆ ನಾವು ಕಾಲಿಡುತ್ತಿದ್ದೇವೆ ಎಂದು. ಗೌಡ ಮತ್ತು ಜೀತದಾಳು ಒಂದೇ ತೂಕ ತೂಗುವುದು ಮತಗಟ್ಟೆಯ ಮರೆಯಲ್ಲಿ ಮಾತ್ರ. ಆ ಮರೆಯನ್ನು ಸಮೀಕ್ಷೆಯವನು ಕಟ್ಟೆಗೆ ಎಳೆದು ತರುತ್ತಾನೆ. ಗೌಡರ ಎದುರು ನಿಲ್ಲಿಸಿ ಕೇಳಿದರೆ ನಮ್ಮ ಅವ್ವ ಏನು ಹೇಳಬೇಕು? 'ದೊಡ್ಡೋರು ಹೇಳಿದಂಗ್ರೀ' ಅಂತಾಳ. ಅದು ಅಂಕಿಯಾಗಿ ಅಚ್ಚಾಗುತ್ತದೆ. ಆಮೇಲೆ ಅದೇ ಅಂಕಿ ಕೇರಿಗೆ ತಿರುಗಿ ಬರುತ್ತದೆ: 'ಗೆಲ್ಲೋ ಕಡೀಗೆ ಹಾಕ್ರಿ, ಸೋಲೋನಿಗೆ ಹಾಕಿ ವೋಟು ಯಾಕ ಹಾಳು ಮಾಡ್ತೀರಿ?'

ಬಾಜಿ ಇನ್ನೂ ಕೆಟ್ಟದ್ದು. ಎಕರೆ ಹೊಲ ಪಣಕ್ಕಿಟ್ಟವನು ಸುಮ್ಮನೆ ಕೂಡುತ್ತಾನೇನು? ಮತದಾನದ ಹಿಂದಿನ ರಾತ್ರಿ ಬಾಟಲಿ, ನೋಟು ಹಿಡಿದು ಬರುವವರಲ್ಲಿ ಅವನೂ ಇರುತ್ತಾನೆ. ಪಕ್ಷ ಅವನಿಗೆ ನೆಪ, ಹೊಲ ಉಳಿಯಬೇಕು.

ಕಾನೂನು ಇಲ್ಲವೆ? ಐತಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು ಮತದಾನ ಮುಗಿಯುವುದಕ್ಕೆ ಮುಂಚಿನ 48 ತಾಸು ಟಿ.ವಿ.ಯ ಬಾಯಿ ಕಟ್ಟುತ್ತದೆ. ಪತ್ರಿಕೆಯ ಹೆಸರು ಅಲ್ಲಿಲ್ಲ. ಮತಗಟ್ಟೆ ಸಮೀಕ್ಷೆಗೆ 126-ಎ ಇದೆ. ಚುನಾವಣಾ ಆಯೋಗ 1998ರಲ್ಲಿ ಎರಡೂ ಬಗೆಯ ಸಮೀಕ್ಷೆ ತಡೆಯಲು ಹೋಗಿ 1999ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹಿಂದೆ ಸರಿಯಿತು.

ಮಾತಿನ ಸ್ವಾತಂತ್ರ್ಯ ಅನ್ನುವ ಗೆಳೆಯರಿದ್ದಾರೆ. ಒಪ್ಪೋಣ. ಆದರೆ ಮಾತಾಡುತ್ತಿರುವುದು ಯಾರ ದುಡ್ಡು? ಅಧಿಸೂಚನೆ ಹೊರಟ ದಿನದಿಂದ ಕೊನೆಯ ಹಂತದ ಮತದಾನದವರೆಗೆ ಸಮೀಕ್ಷೆ ಎಲ್ಲಿಯೂ ಅಚ್ಚಾಗಬಾರದು, ಬಿತ್ತರವಾಗಬಾರದು. ಉಳಿದ ದಿನ ಬೇಕಾದಷ್ಟು ಮಾಡಲಿ. ರೊಕ್ಕ ಕೊಟ್ಟವರು ಯಾರು, ಕೇಳಿದ್ದು ಯಾವ ಕೇರಿಯಲ್ಲಿ, ಪಕ್ಕದಲ್ಲಿ ಯಾರು ನಿಂತಿದ್ದರು, ಅದನ್ನೂ ಅದೇ ಅಕ್ಷರದ ಗಾತ್ರದಲ್ಲಿ ಹಾಕಲಿ.