ಗೋಲು ಕಾಯ್ದವರು ಕೋಚ್ ಆದಾಗ

1998ರ ಡಿಸೆಂಬರ್, ಬ್ಯಾಂಕಾಕ್. ಏಷ್ಯನ್ ಗೇಮ್ಸ್ ಹಾಕಿ ಫೈನಲ್‌ನಲ್ಲಿ ಭಾರತ, ದಕ್ಷಿಣ ಕೊರಿಯಾ 1–1ರ ಸಮ. ಟೈಬ್ರೇಕರ್‌ನಲ್ಲಿ ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದರು. 32 ವರ್ಷಗಳ ಮೇಲೆ ಭಾರತಕ್ಕೆ ಏಷ್ಯಾಡ್ ಚಿನ್ನ ಬಂತು. ಅದರ ಬೆನ್ನಿಗೇ ಪಾಕಿಸ್ತಾನದ ವಿರುದ್ಧ ಸರಣಿಗೆ ಆಯ್ಕೆಯಾದ ತಂಡದಲ್ಲಿ ನಾಯಕ ಧನರಾಜ್ ಪಿಳ್ಳೈ ಇರಲಿಲ್ಲ, ಬಲ್ಲಾಳ್ ಇರಲಿಲ್ಲ. ವಿಶ್ರಾಂತಿ ಕೊಟ್ಟಿದ್ದೇವೆ ಎಂದಿತು ಹಾಕಿ ಫೆಡರೇಷನ್. ಕೋಚ್ ಎಂ.ಕೆ. ಕೌಶಿಕ್ ಅವರನ್ನೂ ಕೈಬಿಟ್ಟಿತು.

ಬಲ್ಲಾಳ್ ಅವರನ್ನು ಆ ಎರಡು ಸ್ಟ್ರೋಕ್‌ಗಳಿಂದಷ್ಟೇ ನೆನೆಯುವುದು ರೂಢಿಯಾಗಿದೆ. ಆದರೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ತಂಡವನ್ನು ನೋಡಿ: ಇಬ್ಬರೂ ಗೋಲಿಗಳು ಕರ್ನಾಟಕದವರು, ಕೊಡಗಿನ ಎ.ಬಿ. ಸುಬ್ಬಯ್ಯ ಮತ್ತು ಬಲ್ಲಾಳ್. ಫಾರ್ವರ್ಡ್‌ಗಳು ಮೂರ್ನಾಲ್ಕು ಮಂದಿ ಆಡಬಹುದು, ಗೋಲಿಗೆ ಜಾಗ ಒಂದೇ. ಇಬ್ಬರಲ್ಲಿ ಒಬ್ಬರು ಹೊರಗೆ ಕೂತು ಆಟವನ್ನು ಓದಲೇಬೇಕು. ಕೋಚ್‌ಗೆ ಬೇಕಾದ ಕಣ್ಣು ಅಲ್ಲಿ ಬಲಿಯುತ್ತದೆ.

ಮೈದಾನದ ಒಳಗಿದ್ದಾಗಲೂ ಇಡೀ ಆಟವನ್ನು ಎದುರಿಗಿಟ್ಟು ನೋಡುವವರು ಗೋಲಿ ಮಾತ್ರ. ಪೆನಾಲ್ಟಿ ಕಾರ್ನರ್ ಬಂದಾಗ ಗೋಲುಗೆರೆಯ ಹಿಂದೆ ಇರುವವರು ಐದೇ ಜನ. ಯಾರು ಮೊದಲು ನುಗ್ಗಬೇಕು, ಯಾರು ಕಂಬ ಕಾಯಬೇಕು ಎಂದು ಕೂಗಿ ಹೇಳುವ ಹೊಣೆ ಗೋಲಿಯದು. ನೂರು ಕಿಲೋಮೀಟರ್ ವೇಗ ಮೀರಿದ ಡ್ರ್ಯಾಗ್ ಫ್ಲಿಕ್‌ಗೆ ಮೈಯೊಡ್ಡುವ ಹೊಣೆಯೂ ಅವರದೇ. ಇಂಥವರನ್ನು ಗೋಲಿಗಳಿಗೆ ತರಬೇತಿ ಕೊಡಲು ಮಾತ್ರ ಕರೆಯುವುದು, ಇಡೀ ತಂಡವನ್ನು ಕೊಡಲು ಹಿಂಜರಿಯುವುದು ನಮ್ಮ ಹಾಕಿಯ ದೊಡ್ಡ ದೋಷ. ಫುಟ್‌ಬಾಲ್‌ನಲ್ಲಿ ಗೋಲಿಯಾಗಿದ್ದ ಡಿನೊ ಜೋಫ್ ಇಟಲಿಯನ್ನು 2000ದ ಯೂರೋ ಫೈನಲ್‌ವರೆಗೆ ಒಯ್ದರು. ಐಸ್ ಹಾಕಿಯ ಗೋಲಿ ಪ್ಯಾಟ್ರಿಕ್ ರಾಯ್ ಎನ್‌ಎಚ್‌ಎಲ್‌ ಲೀಗ್‌ನಲ್ಲಿ ಕೋಚ್ ಆದ ಮೊದಲ ಋತುವಿನಲ್ಲೇ, 2014ರಲ್ಲಿ, ಅಲ್ಲಿನ ಶ್ರೇಷ್ಠ ಕೋಚ್ ಪ್ರಶಸ್ತಿ ಪಡೆದರು.

ನಮ್ಮಲ್ಲಿ? ಕಣ್ಣೂರಿನಿಂದ ಬಂದು ಬೆಂಗಳೂರಿನ ಎಎಸ್‌ಸಿ, ಎಚ್‌ಎಎಲ್ ತಂಡಗಳಿಗೆ ಆಡಿದ ಮ್ಯಾನುಯೆಲ್ ಫ್ರೆಡರಿಕ್ 1972ರ ಮ್ಯೂನಿಕ್ ಕಂಚಿನ ತಂಡದ ಗೋಲಿ. ಆಮೇಲೆ ಬೆಂಗಳೂರಿನ ಶಾಲಾ ಮಕ್ಕಳಿಗೆ ಹಾಕಿ ಕಲಿಸಿದರು. ಧ್ಯಾನ್‌ಚಂದ್ ಪ್ರಶಸ್ತಿ ಸಿಕ್ಕಿದ್ದು 2019ರಲ್ಲಿ, ಎಪ್ಪತ್ತು ದಾಟಿದ ಮೇಲೆ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲೇ ತೀರಿಕೊಂಡರು.

ಬಲ್ಲಾಳ್ ತಮ್ಮ ಹೆಸರಿನ ಅಕಾಡೆಮಿ ಕಟ್ಟಿ ಬೆಂಗಳೂರಿನ ಮಕ್ಕಳನ್ನು ತಿದ್ದುವ ದಾರಿ ಹಿಡಿದರು. ರಾಷ್ಟ್ರೀಯ ತಂಡದ ಬೆಳಕಿನಿಂದ ದೂರದ, ತಾಳ್ಮೆ ಬೇಡುವ ಕೆಲಸ. ಇಲ್ಲಿ ಒಂದು ಕಠಿಣ ಸವಾಲೂ ಇದೆ. ಬ್ಯಾಂಕಾಕ್‌ನಲ್ಲಿ ಅವರು ಎದುರಿಸಿದ್ದು 6.4 ಮೀಟರ್ ದೂರದ ಸ್ಟ್ರೋಕ್. ಚೆಂಡು ಹೊರಡುವ ತನಕ ಕಾಲು ಗೆರೆ ಬಿಡುವಂತಿಲ್ಲ. ಇಂದಿನ ಶೂಟೌಟ್‌ನಲ್ಲಿ ಎದುರಾಳಿ 23 ಮೀಟರ್ ಗೆರೆಯಿಂದ ಓಡಿ ಬರುತ್ತಾನೆ, ಅವನಿಗಿರುವುದು ಎಂಟು ಸೆಕೆಂಡು. ಗೋಲಿ ಮುಂದೆ ನುಗ್ಗಿ ಆ ಸಮಯವನ್ನು ತಿನ್ನಬೇಕು. ಬಲ್ಲಾಳ್‌ಗೆ ಹೆಸರು ತಂದ ವಿದ್ಯೆಯೇ ಇಂದಿನ ಹುಡುಗನಿಗೆ ಹಾಗೇ ಒದಗುವುದಿಲ್ಲ. ಉಳಿಯುವುದು ಆಟ ಓದುವ ಬಗೆ, ಕಲಿಸಬೇಕಾದ್ದೂ ಅದನ್ನೇ.

ಗೋಲಿ ಪಿ.ಆರ್. ಶ್ರೀಜೇಶ್‌ಗೆ ಮಾತ್ರ ಕಾಲ ಕೂಡಿಬಂತು. 2024ರ ಪ್ಯಾರಿಸ್ ಕಂಚಿನೊಂದಿಗೆ ಆಟ ನಿಲ್ಲಿಸಿದವರ ಕೈಗೆ ಜೂನಿಯರ್ ತಂಡವನ್ನೇ ಕೊಟ್ಟರು. ಅದೇ ವರ್ಷ ಮಸ್ಕತ್‌ನಲ್ಲಿ ಪಾಕಿಸ್ತಾನವನ್ನು 5–3ರಿಂದ ಸೋಲಿಸಿ ಜೂನಿಯರ್ ಏಷ್ಯಾ ಕಪ್. 2025ರ ಜೂನಿಯರ್ ವಿಶ್ವಕಪ್‌ನಲ್ಲಿ ಕಂಚು. ಬಲ್ಲಾಳ್ ಪೀಳಿಗೆಗೆ ಇಂಥ ನಂಬಿಕೆ ಸಿಗಲಿಲ್ಲ.

ಕಲಿಸುವವರಿದ್ದರೆ ಸಾಲದು, ಕಲಿಯುವ ಮಕ್ಕಳೂ ಬೇಕು. ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಬಿಟಿಎಂ ಕಡೆಯ ತಂದೆತಾಯಿ ಮಕ್ಕಳನ್ನು ಸಾಲಾಗಿ ಕ್ರಿಕೆಟ್ ಕೋಚಿಂಗ್‌ಗೆ ಸೇರಿಸುತ್ತಾರೆ. ಶಾಂತಿನಗರದ ಅಕ್ಕಿತಿಮ್ಮನಹಳ್ಳಿ ಹಾಕಿ ಕ್ರೀಡಾಂಗಣ ಅಲ್ಲಿಂದ ಕೆಲವೇ ಕಿಲೋಮೀಟರ್. ಗೋಲಿಯ ಪ್ಯಾಡು, ಹೆಲ್ಮೆಟ್, ಕಿಕ್ಕರ್‌ಗಳ ಖರ್ಚು ಮಧ್ಯಮ ವರ್ಗದ ಮನೆಗೂ ಭಾರ. ದಕ್ಷಿಣ ಬೆಂಗಳೂರಿನ ಶಾಲೆಗಳು ಒಂದೊಂದು ಸೆಟ್ ಕೊಂಡು, ಬಲ್ಲಾಳ್ ಅಂಥವರನ್ನು ವಾರಕ್ಕೊಮ್ಮೆಯಾದರೂ ಕರೆಸಲಿ.