ಹೊಡೆಯದೆ ಬಿಟ್ಟ ಈಡು

ಟೆಕ್ಸಾಸಿನಲ್ಲಿ ಕೋವಿಯ ಜಿಂಕೆ ಶಿಕಾರಿ ಶುರುವಾಗುವುದು ನವೆಂಬರಿನ ಮೊದಲ ಶನಿವಾರ. ಶುಕ್ರವಾರ ಸಂಜೆಯೇ ನಾವು ನಾಲ್ವರು ಸ್ಯಾನ್ ಆಂಟೋನಿಯೊ ಬಿಟ್ಟು, ಕೆರ್‌ವಿಲ್ ದಾಟಿ, ಜಂಕ್ಷನ್ ಎಂಬ ಊರು ಇನ್ನೂ ಮುಂದಿರುವಾಗಲೇ ಹೆದ್ದಾರಿಯಿಂದ ಸುಣ್ಣಕಲ್ಲಿನ ದಾರಿಗೆ ಇಳಿಯುತ್ತೇವೆ. ಹಿಲ್ ಕಂಟ್ರಿ ಎಂದು ಕರೆಯುವ ಈ ಸೀಮೆಯಲ್ಲಿ ಮೇಲೆ ಗೇಣುದ್ದ ಮಣ್ಣು, ಕೆಳಗೆಲ್ಲ ಕಲ್ಲು. ವರ್ಷವಿಡೀ ಹಸಿರಾಗಿರುವ ಓಕ್ ಮರಗಳು, ಇಲ್ಲಿನವರು ಸೀಡರ್ ಎಂದೇ ಕರೆಯುವ ಜುನಿಪರ್ ಪೊದೆಗಳು, ನಡುನಡುವೆ ಹುಲ್ಲು. ವರ್ಷಕ್ಕಿಷ್ಟೆಂದು ಗೇಣಿ ಕೊಟ್ಟು ನಾಲ್ವರೂ ಸೇರಿ ಹಿಡಿದ ಜಾಗ ಅದು. ಟೆಕ್ಸಾಸಿನ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಖಾಸಗಿಯವರದು. ಹಾಗಾಗಿ ಇಲ್ಲಿ ಮೊದಲು ಗೇಣಿ, ಆಮೇಲೆ ಕೋವಿ.

ನಾಲ್ವರಲ್ಲಿ ಹಿರಿಯರು ನಿವೃತ್ತ ಶಾಲಾ ಮೇಷ್ಟ್ರು. ಹುಡುಗನಾಗಿದ್ದಾಗಿನಿಂದ ಈ ಗುಡ್ಡಗಳಲ್ಲಿ ಓಡಾಡಿದವರು. ಇನ್ನೊಬ್ಬ ಲಾರಿ ಎಂಜಿನ್ ರಿಪೇರಿ ಮಾಡುವವನು, ಮತ್ತೊಬ್ಬ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ನಾಲ್ಕನೆಯವನು ಮಲೆನಾಡಿನಿಂದ ಬಂದ ನಾನು.

ಈ ಸಲದ ಮೊದಲ ಬೆಳಗ್ಗೆ, ಕತ್ತಲಿರುವಾಗಲೇ ಮರಸು ಹತ್ತಿ ಕೂತೆ. ನಮ್ಮೂರಲ್ಲಿ ಮರದ ಮೇಲೋ ಪೊದೆಯ ಮರೆಯಲ್ಲೋ ಕಾದು ಕೂರುವುದಕ್ಕೆ ಮರಸು ಎನ್ನುತ್ತಿದ್ದರು. ಇಲ್ಲಿನ ಮರಸು ನಾಲ್ಕು ಕಾಲಿನ ಮೇಲಿನ ಹಲಗೆ ಗೂಡು, ಮೂರು ಕಡೆ ಕಿಂಡಿ. ಬೆಳಕು ಹರಿದು ಅರ್ಧ ತಾಸಾಗಿತ್ತು. ಹೆಣ್ಣೊಂದರ ಜಾಡು ಮೂಸುತ್ತಾ, ತಲೆ ತಗ್ಗಿಸಿ, ಎಂಟು ಕವಲಿನ ಗಂಡೊಂದು ಎಪ್ಪತ್ತು ಗಜದಲ್ಲಿ ಅಡ್ಡ ಬಂದು ನಿಂತಿತು. ಕೊಂಬು ಕಿವಿಗಳಾಚೆ ಬೆರಳೆರಡು ಅಗಲ ಚಾಚಿತ್ತು. ಎದೆ ಹೊಡೆದುಕೊಳ್ಳತೊಡಗಿತು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದರೂ ಅದು ತಪ್ಪಿಲ್ಲ, ತಪ್ಪಿದ ದಿನ ಕೋವಿ ಕೆಳಗಿಡುತ್ತೇನೆ. ದುರ್ಬೀನಿನಲ್ಲಿ ಹೊಟ್ಟೆಯನ್ನೂ ಕತ್ತನ್ನೂ ಒಂದು ನಿಮಿಷ ನೋಡಿದೆ. ಕೋವಿಯ ಕುದುರೆಯ ಮೇಲಿನ ಬೆರಳು ತೆಗೆದೆ. ಅದು ಸೀಡರಿನೊಳಗೆ ಹೋಯಿತು.

ಅದಕ್ಕೆ ಮೂರೂವರೆ ವರ್ಷ. ಅಷ್ಟೇ ಕಾರಣ.

ಕೊಂಬು ನೋಡಿ ವಯಸ್ಸು ಹೇಳಬಾರದು ಎಂಬುದು ಮೇಷ್ಟ್ರು ನನಗೆ ಕಲಿಸಿದ ಮೊದಲ ಪಾಠ. ಹೆಬ್ಬೆರಳು ಎತ್ತಿ ಹಿಡಿದು ಕೊಂಬು ಮರೆಮಾಡು, ಉಳಿದ ಮೈ ನೋಡು ಎನ್ನುತ್ತಿದ್ದರು. ಒಂದೂವರೆ ವರ್ಷದ ಗಂಡು ಕೊಂಬು ಬಂದ ಹೆಣ್ಣಿನ ಹಾಗಿರುತ್ತದೆ: ಕಾಲು ಉದ್ದ, ಕತ್ತು ಸಣಕಲು. ಎರಡೂವರೆಗೆ ಮೈ ತುಸು ತುಂಬುತ್ತದೆ, ಸೊಂಟ ಮಾತ್ರ ಇನ್ನೂ ಸಣ್ಣದೇ. ಕಣ್ಣಿಗೆ ಮೋಸ ಮಾಡುವುದು ಮೂರೂವರೆಯದು. ಬೆದೆಗಾಲದಲ್ಲಿ ಅದರ ಕತ್ತು ಉಬ್ಬಿರುತ್ತದೆ, ಎದೆ ತುಂಬಿರುತ್ತದೆ. ಆದರೂ ಹೊಟ್ಟೆ ಪಂದ್ಯದ ಕುದುರೆಯ ಹಾಗೆ ಹಿಂದಕ್ಕೆ ಏರಿಕೊಂಡಿರುತ್ತದೆ, ಕತ್ತು ಹೆಗಲಿಗೆ ಸೇರುವಲ್ಲಿ ಒಂದು ಗೆರೆ ಕಾಣುತ್ತದೆ. ಐದು ದಾಟಿದ ಗಂಡಿಗೆ ಆ ಗೆರೆ ಇರುವುದಿಲ್ಲ. ಕತ್ತು ನೇರ ಎದೆಗೆ ಇಳಿದುಬಿಟ್ಟಿರುತ್ತದೆ. ಹೊಟ್ಟೆ ಎದೆಯ ಮಟ್ಟಕ್ಕೆ ಜೋತು, ಬೆನ್ನು ನಡುವೆ ತಗ್ಗಿ, ಕಾಲು ಇದ್ದುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಹಿಂಗಾಲಿನ ಮಂಡಿಯ ಒಳಮೈಯ ಗ್ರಂಥಿಯ ಕೂದಲು ಮೂತ್ರ ಹರಿದು ಹರಿದು ಮಸಿಯ ಹಾಗೆ ಕಪ್ಪಾಗಿರುತ್ತದೆ. ನಡಿಗೆಯೂ ಬೇರೆ. ಅದು ಬಯಲಿಗೆ ಬರುವುದಿಲ್ಲ. ಬಯಲಿನ ಅಂಚಿನಲ್ಲಿ ನಿಂತು, ಬೇರೆಯವು ಬಂದು ಹೋಗುವುದನ್ನು ನೋಡುತ್ತದೆ.

ಕೊಂಬಿನ ವಿಷಯಕ್ಕೆ ಬರೋಣ. ನಮ್ಮ ಭಾಷೆಯಲ್ಲಿ ಎಮ್ಮೆಯದಕ್ಕೂ ಜಿಂಕೆಯದಕ್ಕೂ ಕೊಂಬು ಎಂದೇ ಹೆಸರು, ಎರಡೂ ಒಂದೇ ಅಲ್ಲ. ಎಮ್ಮೆಯ ಕೊಂಬು ಒಮ್ಮೆ ಮೂಡಿದರೆ ಸಾಯುವವರೆಗೆ ಅದೇ. ಜಿಂಕೆಯದು ಒಂದು ವರ್ಷದ ಬೆಳೆ. ವಸಂತದಲ್ಲಿ ಮೊಳೆತು, ಮಖಮಲ್ಲಿನಂಥ ತೊಗಲಿನೊಳಗೆ ರಕ್ತ ಹರಿಯುತ್ತಾ ಬೆಳೆದು, ಆಗಸ್ಟ್ ಮುಗಿಯುವ ಹೊತ್ತಿಗೆ ಗಟ್ಟಿ ಎಲುಬಾಗುತ್ತದೆ. ಆಗ ಗಂಡು ಗಿಡಗಳಿಗೆ ತಿಕ್ಕಿ ಆ ತೊಗಲು ಸುಲಿದುಕೊಳ್ಳುತ್ತದೆ. ಬೆದೆ ಮುಗಿದು ಚಳಿಗಾಲ ಕಳೆಯುವಾಗ ಕೊಂಬು ಬುಡದಿಂದಲೇ ಕಳಚಿ ಬೀಳುತ್ತದೆ. ಬೆಳೆ ಎಂದ ಮೇಲೆ ಮಳೆ ಬೇಕು. 2011ರ ಭೀಕರ ಬರದಲ್ಲಿ ಈ ಗುಡ್ಡಗಳಲ್ಲಿ ಒಳ್ಳೆಯ ತಳಿಯ ಗಂಡುಗಳೂ ಕಡ್ಡಿಯಂಥ ಕೊಂಬು ಹೊತ್ತು ತಿರುಗಿದ್ದನ್ನು ಕಂಡಿದ್ದೇನೆ. ಇಲ್ಲೇ ಹತ್ತಿರದ ಕೆರ್ ವನ್ಯಜೀವಿ ಕ್ಷೇತ್ರದಲ್ಲಿ ಸರ್ಕಾರದ ತಜ್ಞರು ಜಿಂಕೆಗಳನ್ನು ಸಾಕಿ, ಶೇ. 8 ಪ್ರೋಟೀನಿನ ಮೇವು ತಿಂದವನ್ನೂ ಶೇ. 16ರದು ತಿಂದವನ್ನೂ ಹೋಲಿಸಿದ್ದಾರೆ. ಮೇವು ಹೆಚ್ಚಾದಲ್ಲಿ ಕೊಂಬೂ ಹೆಚ್ಚು. ಮೇವಿಗಿಂತ ದೊಡ್ಡ ಸಂಗತಿ ವಯಸ್ಸು. ಎಳೆಯ ಗಂಡು ತಿಂದದ್ದೆಲ್ಲ ಮೊದಲು ಅದರ ಮೈ ಕಟ್ಟಲು ಹೋಗುತ್ತದೆ, ಮಿಕ್ಕಿದ್ದು ಕೊಂಬಿಗೆ. ಮೈ ಪೂರ್ತಿ ಕಟ್ಟಿ ಮುಗಿದ ಮೇಲೆ, ಐದರಿಂದ ಏಳರ ನಡುವೆ, ಕೊಂಬು ತನ್ನ ಪೂರ್ಣ ರೂಪಕ್ಕೆ ಬರುತ್ತದೆ.

ಈ ರೂಪವನ್ನು ಅಳೆಯಲು ಹೋದವರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನವರು. ಥಿಯೊಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಕ್ಲಬ್ ಅದು. ಈಗ ನಡೆಯುತ್ತಿರುವ ಅಳತೆಯ ಕ್ರಮ 1950ರದು. ಕೊಂಬು ಅರುವತ್ತು ದಿನ ಒಣಗಬೇಕು. ಆಮೇಲೆ ಎರಡೂ ಕಡೆಯ ಮುಖ್ಯ ತೋಳಿನ ಉದ್ದ, ಪ್ರತಿ ಕವಲಿನ ಉದ್ದ, ತೋಳಿನ ನಾಲ್ಕು ಕಡೆಯ ಸುತ್ತಳತೆ, ಎರಡು ತೋಳುಗಳ ನಡುವಿನ ಒಳ ಅಗಲ, ಎಲ್ಲವನ್ನೂ ಇಂಚಿನ ಎಂಟನೇ ಒಂದು ಭಾಗದವರೆಗೆ ಅಳೆದು ಕೂಡಿಸುತ್ತಾರೆ. ಎಡಬಲ ಹೊಂದದಿದ್ದರೆ ವ್ಯತ್ಯಾಸದಷ್ಟು ಕಳೆಯುತ್ತಾರೆ. ನಾವು ಬೇಟೆಯಾಡುವ ಬಿಳಿಬಾಲದ ಜಿಂಕೆ ಅವರ ಸಾರ್ವಕಾಲಿಕ ಪುಸ್ತಕ ಸೇರಲು 170 ಬರಬೇಕು. ಅಂಕುಡೊಂಕಾದ ಕೊಂಬಾದರೆ 195. ಅಳತೆಯ ಈ ಹಂಬಲ ನಮ್ಮ ನಾಡಿಗೂ ಹೊಸದಲ್ಲ. ಲಂಡನ್ನಿನ ರೋಲೆಂಡ್ ವಾರ್ಡ್ 1892ರಲ್ಲೇ ಬೇಟೆಯ ದಾಖಲೆಗಳ ಪುಸ್ತಕ ತಂದಿದ್ದ. ಮೈಸೂರಿನ ವ್ಯಾನ್ ಇಂಗೆನ್ ಸೋದರರು ಮಹಾರಾಜರುಗಳಿಗೂ ಸಾಹೇಬರುಗಳಿಗೂ ತಲೆಗಳನ್ನು ಹದಮಾಡಿ ಗೋಡೆಗೆ ಕೊಟ್ಟಿದ್ದರು.

ಅಳತೆಯನ್ನು ನಾನು ತಳ್ಳಿಹಾಕುವುದಿಲ್ಲ. ಟೇಪು ಹಿಡಿದು ಕೂತರೆ ಕೊಂಬಿನಲ್ಲಿ ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಆದರೆ ಟೇಪಿಗೆ ಸಿಗದ್ದೂ ಇದೆ ಎಂಬುದಕ್ಕೆ ಜೇಮ್ಸ್ ಜೋರ್ಡನ್ ಕಥೆ ಕೇಳಬೇಕು. 1914ರ ನವೆಂಬರಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಡ್ಯಾನ್‌ಬರಿ ಎಂಬಲ್ಲಿ ಈತ ಒಂದು ಗಂಡು ಹೊಡೆದ. ತಲೆಯನ್ನು ಹದಮಾಡಲು ಕೊಟ್ಟ. ಕೊಂಡುಹೋದವನು ಊರು ಬಿಟ್ಟ, ತಲೆ ಮರಳಲಿಲ್ಲ. ಐವತ್ತು ವರ್ಷದ ಮೇಲೆ, 1964ರಲ್ಲಿ, ಮಿನ್ನೆಸೋಟದ ಸ್ಯಾಂಡ್‌ಸ್ಟೋನ್ ಊರಲ್ಲಿ ಹಳೆ ಸಾಮಾನಿನ ಮಾರಾಟದಲ್ಲಿ ಅದನ್ನು ಯಾರೋ ಮೂರು ಡಾಲರಿಗೆ ಕೊಂಡರು. ಅಳೆದಾಗ 206 1/8 ಬಂತು, ಆಗಿನ ವಿಶ್ವದಾಖಲೆ. ಹೊಡೆದವನು ಯಾರೆಂದು ಪುಸ್ತಕದಲ್ಲಿ ಇರಲಿಲ್ಲ. ಇದು ನನ್ನದು ಎಂದು ಮುದುಕ ಜೋರ್ಡನ್ ಹೇಳುತ್ತಲೇ ಇದ್ದ. ಕ್ಲಬ್ಬು ಒಪ್ಪಿ ಅವನ ಹೆಸರು ಬರೆದದ್ದು 1978ರಲ್ಲಿ, ಅಷ್ಟರಲ್ಲಿ ಅವನು ತೀರಿಕೊಂಡಿದ್ದ. 1993ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಮಿಲೊ ಹ್ಯಾನ್ಸನ್ ಎಂಬ ರೈತ 213 5/8ರ ಗಂಡು ಹೊಡೆದು ಆ ದಾಖಲೆ ಮುರಿದ. ಆದರೂ ನನಗೆ ನೆನಪಾಗುವುದು ಆ ಮೂರು ಡಾಲರ್. ಇಂಚು ಕಮ್ಮಿಯಾಗಿರಲಿಲ್ಲ. ಹೊಡೆದವನೂ, ಆ ಊರೂ, ಆ ದಿನವೂ ಬಿಟ್ಟುಹೋದ ಕೊಂಬಿಗೆ ಬಂದ ಬೆಲೆ ಅದು.

ನಮ್ಮ ಮನೆಯ ಪಡಸಾಲೆಯಲ್ಲೂ ಒಂದು ಕಡವೆ ಕೊಂಬಿತ್ತು. ಅಜ್ಜಯ್ಯ ಅದಕ್ಕೆ ಕಂಬಳಿ ನೇತುಹಾಕುತ್ತಿದ್ದರು, ಅಳೆದವರಿಲ್ಲ. ಅವರ ಕಾಲದ ಶಿಕಾರಿಯಲ್ಲಿ ಒಂದಷ್ಟು ಜನ ಕಾಡು ಸೋವಿ ಪ್ರಾಣಿ ಎಬ್ಬಿಸುವುದು, ಕೋವಿ ಇದ್ದವರು ಅದು ಓಡಿಬರುವ ದಾರಿಯಲ್ಲಿ ಬಿಲ್ಲಿಗೆ ನಿಲ್ಲುವುದು, ಬಿದ್ದದ್ದನ್ನು ಪಾಲು ಹಾಕುವುದು. ಸೋವಿದವನಿಗೂ ಪಾಲು, ನಾಯಿಗೂ ಪಾಲು. ಎಳೆಯದು, ಮುದಿಯದು ಎಂಬ ಲೆಕ್ಕ ಇರಲಿಲ್ಲ. ಕಾಡು ಬರಿದಾಯಿತು. 1972ರ ವನ್ಯಜೀವಿ ಕಾಯ್ದೆ ಬಂದು ಆ ಶಿಕಾರಿ ನಿಂತಿತು, ನಿಲ್ಲಲೇಬೇಕಿತ್ತು. ಅಮೆರಿಕದಲ್ಲೂ 1900ರ ಸುಮಾರಿಗೆ ಮಾಂಸದ ಮಾರುಕಟ್ಟೆಗಾಗಿ ಹೊಡೆದು ಹೊಡೆದು ಜಿಂಕೆ ಬಹುಪಾಲು ರಾಜ್ಯಗಳಲ್ಲಿ ಅಪರೂಪವಾಗಿತ್ತು. ಆ ವರ್ಷದ ಲೇಸಿ ಕಾಯ್ದೆ ಕದ್ದು ಹೊಡೆದ ಪ್ರಾಣಿಗಳ ಅಂತರರಾಜ್ಯ ವ್ಯಾಪಾರ ತಡೆಯಿತು. 1937ರ ಇನ್ನೊಂದು ಕಾಯ್ದೆಯಿಂದ ಕೋವಿ, ತೋಟಾಗಳ ಮೇಲಿನ ತೆರಿಗೆಯ ಹಣ ವನ್ಯಜೀವಿಗಳಿಗೆ ಹೋಗತೊಡಗಿತು. ಇಂದು ಟೆಕ್ಸಾಸ್ ಒಂದರಲ್ಲೇ ಐವತ್ತು ಲಕ್ಷಕ್ಕೂ ಹೆಚ್ಚು ಬಿಳಿಬಾಲದ ಜಿಂಕೆಗಳಿವೆ. ಇಲ್ಲಿ ನಾನು ಕೋವಿ ಹಿಡಿಯುವುದು ಈ ಲೆಕ್ಕ ಗೊತ್ತಿರುವುದರಿಂದ.

ಸಂಖ್ಯೆ ಬಂತು, ವಯಸ್ಸು ಬರಲಿಲ್ಲ. ಬಹಳ ಕಡೆ ಗಂಡುಗಳು ಒಂದೂವರೆ ವರ್ಷಕ್ಕೇ ಬೀಳುತ್ತಿದ್ದವು. 2002ರಲ್ಲಿ ಟೆಕ್ಸಾಸಿನ ಆರು ಕೌಂಟಿಗಳಲ್ಲಿ ಒಂದು ನಿಯಮ ತಂದರು: ಕವಲೊಡೆದ ಕೊಂಬಿನ ಗಂಡಾದರೆ ಒಳ ಅಗಲ 13 ಇಂಚಾದರೂ ಇರಬೇಕು. ಕಾಡಿನಲ್ಲಿ ಟೇಪು ಹಿಡಿಯುವುದು ಹೇಗೆ? ಅದರ ಕಿವಿಯೇ ಟೇಪು. ಎಚ್ಚರದಿಂದ ನಿಂತ ಗಂಡಿನ ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 13 ಇಂಚು. ಕೊಂಬು ಕಿವಿ ದಾಟಿರದಿದ್ದರೆ ಬಿಡಬೇಕು. ಆಮೇಲೆ ಈ ನಿಯಮ ಎಷ್ಟೋ ಕೌಂಟಿಗಳಿಗೆ ಹಬ್ಬಿತು.

ಗೆಳೆಯರ ಮಾತು ಬರುವುದು ಇಲ್ಲಿ. ಒಬ್ಬನೇ ಬಿಟ್ಟರೆ ಏನೂ ಆಗುವುದಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಎಳೆಯ ಗಂಡುಗಳಲ್ಲಿ ಬಹಳಷ್ಟು ತಾಯಿಯ ನೆಲೆ ಬಿಟ್ಟು ಮೈಲಿಗಟ್ಟಲೆ ದೂರ ಹೋಗುತ್ತವೆ. ಬೆದೆಯಲ್ಲಂತೂ ಬಲಿತ ಗಂಡಿಗೂ ಬೇಲಿ ಲೆಕ್ಕಕ್ಕಿಲ್ಲ. ನಾನು ಬಿಟ್ಟದ್ದನ್ನು ನರ್ಸ್ ಹೊಡೆಯಬಹುದು, ನರ್ಸ್ ಬಿಟ್ಟದ್ದನ್ನು ಬೇಲಿಯಾಚೆಯವನು. ಆರು ವರ್ಷದ ಗಂಡೊಂದು ನನ್ನ ಮುಂದೆ ಬಂದು ನಿಂತಿತೆಂದರೆ, ಅಷ್ಟು ವರ್ಷ ಎಷ್ಟೋ ಬೆರಳುಗಳು ಕುದುರೆ ಎಳೆಯದೆ ಹಿಂದೆ ಸರಿದಿವೆ. ಗೋಡೆಯ ಮೇಲಿನ ತಲೆಯನ್ನು ಹೊಡೆದವನ ಕೈಚಳಕಕ್ಕೆ ಕೊಡುವ ಮೆಚ್ಚುಗೆಯಲ್ಲಿ ಮುಕ್ಕಾಲು ಪಾಲು ಅವರಿಗೆ ಸಲ್ಲಬೇಕು.

ಇದೇ ಗುಡ್ಡಗಳಲ್ಲಿ ಬೇರೆ ಬಗೆಯ ಬೇಟೆಯೂ ಇದೆ. 1932ರಲ್ಲಿ ಟೆಕ್ಸಾಸಿಗೆ ತಂದ ನಮ್ಮ ಚುಕ್ಕೆ ಜಿಂಕೆ ಇಲ್ಲಿ ಬೇಲಿ ತಪ್ಪಿಸಿಕೊಂಡು ಕಾಡಿನದಾಗಿದೆ. ಮೊದಲ ಸಲ ನಸುಕಿನಲ್ಲಿ ಅದರ ಕೂಗು ಕೇಳಿದಾಗ ನಾಗರಹೊಳೆಯ ಅಂಚಿನಲ್ಲಿದ್ದೇನೆ ಅನ್ನಿಸಿ ಕಣ್ಣು ಒದ್ದೆಯಾಯಿತು. ಅದರ ಮೈ ಈ ದೇಶದ ಋತುಮಾನವನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ಒಂದರ ಕೊಂಬು ಗಟ್ಟಿಯಾಗಿರುವಾಗ ಪಕ್ಕದ್ದು ಮಖಮಲ್ಲಿನಲ್ಲಿರುತ್ತದೆ. 2021ರ ಫೆಬ್ರವರಿಯ ಹಿಮದಲ್ಲಿ ಬಹಳಷ್ಟು ಸತ್ತವು. ಹೊರಗಿನ ಪ್ರಾಣಿಯಾದ್ದರಿಂದ ಅದಕ್ಕೆ ನಿಷೇಧದ ಕಾಲವಿಲ್ಲ. ತೋಳು 30 ಇಂಚು ಮುಟ್ಟಿದರೆ ಟ್ರೋಫಿ ಎನ್ನುತ್ತಾರೆ. ಅದು ಹುಲ್ಲನ್ನೂ ಮೇಯುತ್ತದೆ, ಹುಲ್ಲು ಮುಗಿದರೆ ಸೊಪ್ಪನ್ನೂ. ಬಿಳಿಬಾಲದ್ದು ಸೊಪ್ಪನ್ನೇ ನಂಬಿದೆ, ಹಾಗಾಗಿ ಎರಡೂ ಸೇರಿದಲ್ಲಿ ಸೋಲುವುದು ಇಲ್ಲಿನದೇ. ಅದಕ್ಕೆ ನಾವು ಚುಕ್ಕೆಯ ಹೆಣ್ಣುಗಳನ್ನು ಅಡುಗೆಗೆ ಹೊಡೆಯುತ್ತೇವೆ. ಕಾಳುಮೆಣಸು ಅರೆದು ನಾನು ಮಾಡುವ ಸಾರಿಗೆ ಕಡುಬು ಜೊತೆಯಾಗುತ್ತದೆ. ಎಂಜಿನ್ ಗೆಳೆಯ ಈಗ ಕಡುಬನ್ನು ಹೆಸರು ಹಿಡಿದೇ ಕೇಳುತ್ತಾನೆ.

ನಮ್ಮ ಜಾಗದಲ್ಲಿ ಹರಕು ಕಿವಿಯ ಗಂಡೊಂದಿತ್ತು. 2019ರಲ್ಲಿ ಎರಡೂವರೆಯದಾಗಿ ಮೊದಲು ಕಂಡಿತು. ಎಡಗೊಂಬಿನ ಮೊದಲ ಕವಲು ಒಳಕ್ಕೆ ಬಾಗಿತ್ತು, ಪ್ರತಿ ವರ್ಷದ ಹೊಸ ಕೊಂಬಿನಲ್ಲೂ ಹಾಗೇ ಬಾಗುತ್ತಿತ್ತು. ಮೊದಲ ಎರಡು ವರ್ಷ ನಾನೂ ನರ್ಸೂ ಬಿಟ್ಟೆವು. ಮೂರನೆಯ ವರ್ಷ ಮೇಷ್ಟ್ರು ಬೇಲಿಯಾಚೆಯ ಮುದುಕರ ಜಗಲಿಗೆ ಹೋಗಿ, ಕಾಫಿ ಕುಡಿದು, ಎರಡು ತಾಸು ಮಾತಾಡಿ ಬಂದರು. ಅವರೂ ಬಿಡತೊಡಗಿದರು. ನಾಲ್ಕನೆಯ ವರ್ಷ ಎಂಜಿನ್ ಗೆಳೆಯನಿಗೆ ಎಂಬತ್ತು ಗಜದಲ್ಲಿ ಸಿಕ್ಕಿತು. ಸಂಜೆಯ ಬೆಳಕು ಸಾಲದೆಂದು ಕೋವಿ ಇಳಿಸಿದ.

2023ರ ನವೆಂಬರಿನ ಕೊನೆಯಲ್ಲಿ ಬೇಲಿಯಾಚೆ ಒಂದು ಈಡು ಕೇಳಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಮುದುಕರ ಹದಿನಾಲ್ಕು ವರ್ಷದ ಮೊಮ್ಮಗಳ ಮೊದಲ ಜಿಂಕೆ. ನಾವು ನಾಲ್ವರೂ ದೀಪ ಹಿಡಿದು ಹೋದೆವು. ಹರಕು ಕಿವಿ. ಮೇಷ್ಟ್ರು ದವಡೆ ಬಿಡಿಸಿ ಹಲ್ಲುಗಳ ಮೇಲೆ ಬೆರಳಾಡಿಸಿದರು. ಸವೆದು ಮಟ್ಟಸವಾಗಿದ್ದವು. ಆರೂವರೆ ಎಂದರು. ಕೊಂಬು 131 ಇಂಚಿನ ಹತ್ತಿರ, ಆ ಪುಸ್ತಕ ಸೇರುವ ಅಳತೆಯಲ್ಲ. ನನ್ನ ಕೈಗೆ ಸಿಗಲಿಲ್ಲವಲ್ಲ ಎಂಬ ನೋವು ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಐದು ವರ್ಷ ಕಾದವನು ನಾನೂ ಹೌದು.

ಮರುದಿನ ಬೆಳಗ್ಗೆ ಮೇಷ್ಟ್ರು ನಮ್ಮ ಬಿಡಾರದ ಮೊಳೆಗಳಿಂದ ನಾಲ್ಕು ಉದುರುಕೊಂಬು ಇಳಿಸಿದರು. ನಾಲ್ಕು ಫೆಬ್ರವರಿಗಳಲ್ಲಿ ನಾವು ನಡೆದು ನಡೆದು ಹುಡುಕಿದವು, ಎಲ್ಲವೂ ಆ ಬಾಗಿದ ಕವಲಿನ ಎಡಗೊಂಬುಗಳೇ. ಒಂದನ್ನು ಇಲಿಗಳು ಸುಣ್ಣದಾಸೆಗೆ ಅರ್ಧ ಕಡಿದಿದ್ದವು. ಹುಡುಗಿಯ ಜಗಲಿಯ ಮೇಲೆ ಅವನ್ನು ಸಾಲಾಗಿಟ್ಟೆವು. ಅವಳು ದೊಡ್ಡದನ್ನು ಮುಟ್ಟಲಿಲ್ಲ. ಇಲಿ ಕಡಿದದ್ದನ್ನು ಎತ್ತಿಕೊಂಡು, ಇದು ಯಾವ ವರ್ಷದ್ದು, ಆಗ ಇದನ್ನು ನೋಡಿದವರು ಯಾರು ಎಂದು ಕೇಳಿದಳು. ನಾನು ಪಕ್ಕದಲ್ಲಿ ಕೂತು ಹೇಳತೊಡಗಿದೆ.