ಆಣ್ವಿಕ ವಾಸ್ತುಶಿಲ್ಪ: ಒಂದು ರೂಪಕದ ವಿಮರ್ಶೆ

ಅಣುಗಳು ದುರ್ಬಲ ಬಂಧಗಳಿಂದ ತಾವಾಗಿಯೇ ಕೂಡಿಕೊಂಡು ನ್ಯಾನೋಮೀಟರ್ ಪ್ರಮಾಣದ ಆಕೃತಿಗಳನ್ನು ತಾಳುವುದಕ್ಕೆ ಸ್ವಯಂಜೋಡಣೆ ಎಂದು ಹೆಸರು. ನಿಸರ್ಗವನ್ನು ಮಾದರಿಯಾಗಿಟ್ಟುಕೊಂಡು ಈ ಕ್ಷೇತ್ರದಲ್ಲಿ ದುಡಿಯುತ್ತಿರುವ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಟಿ. ಗೋವಿಂದರಾಜು ಅವರು ತಮ್ಮ ಸಂಶೋಧನೆಯನ್ನು ‘ಆಣ್ವಿಕ ವಾಸ್ತುಶಿಲ್ಪ’ ಎಂಬರ್ಥದ ಪದದಿಂದ ಕರೆದಿದ್ದಾರೆ. ಜಪಾನಿನ ಕಟ್ಸುಹಿಕೊ ಅರಿಗಾ ಅವರೊಡನೆ ಸಂಪಾದಿಸಿದ ಗ್ರಂಥದ ಶೀರ್ಷಿಕೆಯಲ್ಲಿಯೂ ಅದೇ ಪದವಿದೆ. ಈ ರೂಪಕವು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸ್ವಯಂಜೋಡಣೆಯ ಉಜ್ಜ್ವಲ ನಿದರ್ಶನವೊಂದು 1955ರಲ್ಲಿ ದೊರೆಯಿತು. ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಅವರು ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸಿನ ಪ್ರೋಟೀನನ್ನೂ ನ್ಯೂಕ್ಲಿಯಿಕ್ ಆಮ್ಲವನ್ನೂ ಬೇರ್ಪಡಿಸಿ ಮತ್ತೆ ಬೆರೆಸಲು, ಸೋಂಕು ತಗುಲಿಸಬಲ್ಲ ವೈರಸ್ಸು ಪುನಃ ರೂಪುಗೊಂಡಿತು. ಸುಮಾರು 300 ನ್ಯಾನೋಮೀಟರ್ ಉದ್ದದ ಆ ದಂಡದಲ್ಲಿ 2,130ರಷ್ಟು ಪ್ರೋಟೀನ್ ಘಟಕಗಳು ಸುರುಳಿಯಾಗಿ ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನಾದರೂ ಹೊರಗಿನ ಕೈ ತಂದಿಟ್ಟುದಲ್ಲ.

ಇದನ್ನು ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದೊಡನೆ ಹೋಲಿಸಿ ನೋಡೋಣ. ಕಲ್ಯಾಣ ಚಾಲುಕ್ಯರ ಕಾಲದ, ಸುಮಾರು ಕ್ರಿ.ಶ. 1050ರದೆನ್ನಲಾಗುವ ಈ ಗುಡಿಯು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲನ್ನು ಬಳಸಿದ ಮೊದಲಿಗಗಳಲ್ಲಿ ಒಂದೆಂದು ವಿದ್ವಾಂಸರು ಗಣಿಸುತ್ತಾರೆ. ಮೃದುವಾದ ಕಲ್ಲು ಬಂದೊಡನೆ ಕೆತ್ತನೆಯೂ ಸೂಕ್ಷ್ಮವಾಯಿತು. ದ್ರವ್ಯದ ಗುಣವೇ ಶಿಲ್ಪಿಯ ಕೈಯನ್ನು ತಿದ್ದಿತೆಂದರೆ ತಪ್ಪಾಗದು. ಇಷ್ಟರ ಮಟ್ಟಿಗೆ ರೂಪಕವು ಒಪ್ಪತಕ್ಕದ್ದೇ. ಆದರೆ ಕಂಬದ ಕಲ್ಲು ತಾನೇ ಎದ್ದು ತನ್ನ ಸ್ಥಾನಕ್ಕೆ ಹೋಗಲಿಲ್ಲ.

ಇನ್ನೊಂದು ಕಡೆಗೆ ನವಲಗುಂದದ ಎರೆಭೂಮಿಯಿದೆ. ಅದರ ಜೇಡಿಯು ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಪದರುಗಳ ಅಟ್ಟಿ. ಪದರುಗಳ ನಡುವೆ ನೀರು ಹೊಕ್ಕಾಗ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿದಾಗ ಬಿರಿಯುತ್ತದೆ. ಇಲ್ಲಿ ವ್ಯವಸ್ಥೆಯುಂಟು, ಶಿಲ್ಪಿಯಿಲ್ಲ.

ರಸಾಯನಶಾಸ್ತ್ರಜ್ಞನ ಸ್ಥಾನ ಇವೆರಡರ ನಡುವಿನದು. ನ್ಯಾಫ್ತಲೀನ್ ಡೈಇಮೈಡ್ ಎಂಬ ಚಪ್ಪಟೆ ಅಣುವಿನ ಪಾರ್ಶ್ವಗಳಿಗೆ ಅಮೈನೋ ಆಮ್ಲಗಳನ್ನು ಕೂಡಿಸಿ, ಆ ಆಮ್ಲವನ್ನು ಬದಲಿಸಿದಂತೆ ಸಮೂಹದ ಆಕಾರವೂ ಬದಲಾಗುವುದನ್ನು ಗೋವಿಂದರಾಜು ಅವರ ತಂಡವು ತೋರಿಸಿದೆ. ಅಣುವನ್ನು ಸಂಶ್ಲೇಷಿಸುವವರೆಗೆ ಮಾತ್ರ ಕರ್ತೃತ್ವ ಮನುಷ್ಯನದು. ಆ ಮೇಲಿನದು ದ್ರಾವಕ, ಉಷ್ಣತೆ ಮತ್ತು ದುರ್ಬಲ ಬಂಧಗಳ ಪಾಲು.

ಆದುದರಿಂದ ‘ವಾಸ್ತುಶಿಲ್ಪ’ವೆಂಬ ಮಾತು ಯೋಜನೆಯನ್ನು ಸರಿಯಾಗಿ ಸೂಚಿಸಿದರೂ ಕಟ್ಟುವ ಕ್ರಿಯೆಯನ್ನು ಮರೆಮಾಡುತ್ತದೆ. ಕನ್ನಡದಲ್ಲಿ ವಿಜ್ಞಾನವನ್ನು ಓದುವ ವಿದ್ಯಾರ್ಥಿಯು ಪದದಿಂದಲೇ ಅರ್ಥವನ್ನು ಊಹಿಸುವನಾದ್ದರಿಂದ ಇದು ಅಲ್ಪ ದೋಷವಲ್ಲ. ಇದರಿಂದ ಅವನು ಎಲ್ಲೆಡೆಯೂ ಶಿಲ್ಪಿಯನ್ನು ಹುಡುಕಿಯಾನು, ಇಲ್ಲವೆ ನಿಸರ್ಗಕ್ಕೇ ಬುದ್ಧಿಯನ್ನು ಆರೋಪಿಸಿಯಾನು. ‘ಜೋಡಣೆ’ ಎಂಬುದೂ ಜೋಡಿಸುವವನನ್ನು ಬಯಸುವ ಪದವೇ. ‘ತಾನಾಗಿ ಕೂಡುವಿಕೆ’ ಎಂಬುದು ಅಷ್ಟು ಗಂಭೀರವಾಗಿ ಕೇಳಿಸದಿದ್ದರೂ ವಸ್ತುಸ್ಥಿತಿಗೆ ಹೆಚ್ಚು ಸಮೀಪವಾದುದು. ಪಾರಿಭಾಷಿಕ ಪದಗಳನ್ನು ನಿರ್ಣಯಿಸುವವರು ಈ ಅಂಶವನ್ನು ಗಮನಿಸುವುದು ಯುಕ್ತ.